ತಂದೆಯವರ ತೊಡೆಯ ಸ್ನಾಯು ಕರಗುತ್ತಿದೆ: ಸಂಜೆಯ ನಡಿಗೆಯೊಂದೇ ಸಾಕೇ?

ಪ್ರಶ್ನೆ
ತೀರ್ಥಹಳ್ಳಿಯ ಮಗಳು

ನನ್ನ ತಂದೆಯವರಿಗೆ ಈಗ 74 ವರ್ಷ. ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅವರು ನಿವೃತ್ತಿಯ ನಂತರವೂ ತೀರ್ಥಹಳ್ಳಿ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ದಿನವಿಡೀ ಓಡಾಡಿಕೊಂಡಿದ್ದರು. ಅಮ್ಮ ತೀರಿಕೊಂಡ ಮೇಲೆ ಅವರೊಬ್ಬರನ್ನೇ ಅಲ್ಲಿ ಬಿಡಲು ಮನಸ್ಸಾಗದೆ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಬಂದೆವು. ಇಲ್ಲಿ ಅವರ ದಿನವೆಲ್ಲ ಹಾಲಿನ ಕುರ್ಚಿಯಲ್ಲೇ ಕಳೆಯುತ್ತದೆ. ಬೆಳಿಗ್ಗೆ ಪತ್ರಿಕೆ, ಆಮೇಲೆ ಟಿವಿ, ಮಧ್ಯಾಹ್ನ ನಿದ್ದೆ, ಸಂಜೆ ಕಾಂಪೌಂಡಿನೊಳಗೆ ಅರ್ಧ ಗಂಟೆ ನಿಧಾನದ ನಡಿಗೆ. ಕಳೆದ ಮಳೆಗಾಲದಲ್ಲಿ ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿದ್ದು ಬಂದ ಮೇಲಂತೂ ಅವರು ಇನ್ನಷ್ಟು ಕುಗ್ಗಿದ್ದಾರೆ.

ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿಲ್ಲ, ಸುಮಾರು 60 ಕೆ.ಜಿ. ಇದ್ದಾರೆ. ಹೊಟ್ಟೆ ಹಾಗೆಯೇ ಇದೆ, ಆದರೆ ತೊಡೆ ಮತ್ತು ಮೀನಖಂಡಗಳು ಸಣಕಲಾಗಿವೆ. ಕುರ್ಚಿಯಿಂದ ಏಳುವಾಗ ಎರಡೂ ಕೈಗಳನ್ನು ಹಿಡಿಕೆಗೆ ಊರಿ, ಒಮ್ಮೆ ಮುಂದಕ್ಕೆ ತೂಗಿಕೊಂಡು ಏಳುತ್ತಾರೆ. ಊರಿಗೆ ಹೋದಾಗ ಹಳೆಯ ಮಾದರಿಯ ಶೌಚಾಲಯದಲ್ಲಿ ಕುಳಿತವರಿಗೆ ಏಳಲು ಆಗಲಿಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಲು ನನ್ನನ್ನು ಕರೆಯುತ್ತಾರೆ. ಒಂದು ಕಾಲದಲ್ಲಿ ಅಡಿಕೆ ಮೂಟೆಯನ್ನು ಹೆಗಲಿಗೇರಿಸುತ್ತಿದ್ದವರು ಅವರು. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ, ಬಲ ಮೊಣಕಾಲಿನಲ್ಲಿ ಸವೆತವಿದೆ.

ಮನೆಯಲ್ಲಿ ಎಲ್ಲರೂ ಇದನ್ನು ವಯಸ್ಸಿನ ಸಹಜ ಬದಲಾವಣೆ ಎಂದೇ ಭಾವಿಸಿದ್ದಾರೆ. ನನಗೆ ಹಾಗೆ ಅನಿಸುತ್ತಿಲ್ಲ. ಇದರಲ್ಲಿ ವಯಸ್ಸಿನ ಪಾಲೆಷ್ಟು, ಕೂತೇ ಇರುವುದರ ಪಾಲೆಷ್ಟು? ಸಂಜೆಯ ನಡಿಗೆಯನ್ನು ಒಂದು ಗಂಟೆಗೆ ಹೆಚ್ಚಿಸಿದರೆ ಸಾಕೇ? ಅಂಗಡಿಯಲ್ಲಿ ಸಿಗುವ ಪ್ರೋಟೀನ್ ಪುಡಿ ಕೊಡಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1
ವೃದ್ಧಾರೋಗ್ಯ ವೈದ್ಯ

ನೀವು ಗಮನಿಸಿದ ಲಕ್ಷಣಗಳು ಬಹಳ ಮುಖ್ಯವಾದವು. ತೂಕ ಬದಲಾಗಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವ ಕುಟುಂಬಗಳನ್ನು ನಾನು ದಿನವೂ ನೋಡುತ್ತೇನೆ. ಕರಗಿದ ಸ್ನಾಯುವಿನ ಜಾಗದಲ್ಲಿ ಕೊಬ್ಬು ಸೇರಿಕೊಂಡರೆ ತೂಕದ ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಅದರಲ್ಲೂ ನಮ್ಮ ದೇಶದವರಲ್ಲಿ ಮೇಲ್ನೋಟಕ್ಕೆ ತೆಳ್ಳಗಿದ್ದರೂ ಹೊಟ್ಟೆಯ ಭಾಗದಲ್ಲಿ ಕೊಬ್ಬು ಹೆಚ್ಚಿದ್ದು, ಸ್ನಾಯು ಮೊದಲಿನಿಂದಲೇ ಕಡಿಮೆಯಿರುವ ಶರೀರ ಪ್ರಕೃತಿ ಸಾಮಾನ್ಯ.

ವಯಸ್ಸಿನ ಪಾಲು ಇದ್ದೇ ಇದೆ. ಬೆನ್ನುಹುರಿಯಿಂದ ಸ್ನಾಯುವಿಗೆ ಸಂದೇಶ ಒಯ್ಯುವ ನರಕೋಶಗಳು ವರ್ಷ ಕಳೆದಂತೆ ಕಡಿಮೆಯಾಗುತ್ತವೆ, ಅವುಗಳ ಆಸರೆ ತಪ್ಪಿದ ಸ್ನಾಯುತಂತುಗಳು ಸೊರಗುತ್ತವೆ. ಉಂಡ ಪ್ರೋಟೀನನ್ನು ಸ್ನಾಯುವಾಗಿ ಕಟ್ಟಿಕೊಳ್ಳುವ ಶಕ್ತಿಯೂ ಮಂದವಾಗುತ್ತದೆ. ಆದರೆ ವಯಸ್ಸು ಈ ಕೆಲಸವನ್ನು ಬಹಳ ನಿಧಾನವಾಗಿ ಮಾಡುತ್ತದೆ. ನಿಮ್ಮ ತಂದೆಯವರಲ್ಲಿ ಕಂಡ ವೇಗಕ್ಕೆ ವಯಸ್ಸೊಂದೇ ಕಾರಣವಾಗಿರಲು ಸಾಧ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸರಾಸರಿ 67 ವರ್ಷದ ಆರೋಗ್ಯವಂತ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲಿ ಇರಿಸಿದಾಗ ಅವರ ಕಾಲುಗಳಿಂದಲೇ ಸುಮಾರು ಒಂದು ಕೆ.ಜಿ.ಯಷ್ಟು ಕೊಬ್ಬುರಹಿತ ಅಂಗಾಂಶ ಕಳೆದುಹೋಗಿತ್ತು. ಅವರಿಗೆ ಜ್ವರವಿರಲಿಲ್ಲ, ಊಟಕ್ಕೆ ಕೊರತೆಯಿರಲಿಲ್ಲ, ಮಲಗಿದ್ದುದಷ್ಟೇ ಕಾರಣ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹಿರಿಯರನ್ನು ಮಲಗಿಸಿಯೂ ಇರಲಿಲ್ಲ, ಎರಡು ವಾರ ಅವರ ದಿನನಿತ್ಯದ ಹೆಜ್ಜೆಗಳನ್ನು ಮಾತ್ರ ಕಾಲು ಭಾಗಕ್ಕೆ ಇಳಿಸಲಾಗಿತ್ತು. ಅಷ್ಟಕ್ಕೇ ಕಾಲಿನ ಸ್ನಾಯುವಿನ ಅಂಶ ಶೇಕಡಾ 4ರಷ್ಟು ಇಳಿಯಿತು. ತೋಟದ ಏರುತಗ್ಗಿನಲ್ಲಿ ಓಡಾಡುತ್ತಿದ್ದವರು ಲಿಫ್ಟ್ ಇರುವ ಮನೆಗೆ ಬಂದು ಕುಳಿತದ್ದು, ಅದರ ಮೇಲೆ ಜ್ವರ ಹಿಡಿದು ಹಾಸಿಗೆ ಕಂಡದ್ದು, ಎರಡೂ ಸೇರಿ ಏನಾಗಿರಬಹುದೆಂದು ಇದರಿಂದ ಊಹಿಸಬಹುದು.

ಸಕ್ಕರೆ ಕಾಯಿಲೆಗೂ ಇದಕ್ಕೂ ನೇರ ಸಂಬಂಧವಿದೆ. ಊಟದ ನಂತರ ರಕ್ತಕ್ಕೆ ಬರುವ ಗ್ಲೂಕೋಸನ್ನು ಹೆಚ್ಚಿನ ಪ್ರಮಾಣದಲ್ಲಿ ಹೀರಿಕೊಳ್ಳಬೇಕಾದುದು ಸ್ನಾಯುವೇ. ಅದು ಕಡಿಮೆಯಾದಷ್ಟೂ ಸಕ್ಕರೆಯ ಹತೋಟಿ ಕಷ್ಟವಾಗುತ್ತದೆ, ಸಕ್ಕರೆ ಏರಿದಷ್ಟೂ ಸ್ನಾಯು ಇನ್ನಷ್ಟು ಸವೆಯುತ್ತದೆ.

ಆದರೆ ವ್ಯಾಯಾಮ ಆರಂಭಿಸುವ ಮೊದಲು ಒಮ್ಮೆ ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಕಾಣುವ ಬಿ12 ಕೊರತೆ, ಸಕ್ಕರೆಯಿಂದಾದ ನರದೌರ್ಬಲ್ಯ, ಸ್ಟೀರಾಯ್ಡ್ ಔಷಧಗಳ ಬಳಕೆ ಇವೆಲ್ಲವೂ ಕಾಲಿನ ಶಕ್ತಿ ಕುಂದಿಸಬಲ್ಲವು, ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯೂ ಇದೆ. ಒಂದೇ ಬದಿಯ ಕೈಕಾಲು ಸೋಲುವುದು, ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ವೇಗವಾಗಿ ಇಳಿಯುವುದು ಕಂಡರೆ ಒಂದು ದಿನವೂ ಕಾಯಬೇಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನೂ ಹೇಳುತ್ತೇನೆ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಅವರನ್ನು ಕೂರಿಸಿ, ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಬಾರಿ ಪೂರ್ತಿಯಾಗಿ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. ಏಷ್ಯಾದ ತಜ್ಞರ ತಂಡ 2019ರಲ್ಲಿ ಒಪ್ಪಿಕೊಂಡ ಮಾನದಂಡದಂತೆ ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುಗಳ ಕಾರ್ಯಕ್ಷಮತೆ ಕುಂದಿದೆ ಎಂದರ್ಥ. ಕೈಹಿಡಿತದ ಬಲವನ್ನು ಅಳೆಯುವ ಉಪಕರಣ ಫಿಸಿಯೋಥೆರಪಿ ವಿಭಾಗಗಳಲ್ಲಿರುತ್ತದೆ. ಅದೇ ಮಾನದಂಡದಲ್ಲಿ ಗಂಡಸರಿಗೆ 28 ಕೆ.ಜಿ., ಹೆಂಗಸರಿಗೆ 18 ಕೆ.ಜಿ.ಗಿಂತ ಕಡಿಮೆಯಿದ್ದರೆ ದುರ್ಬಲ ಹಿಡಿತವೆಂದು ಪರಿಗಣಿಸುತ್ತಾರೆ. ಭರಣಿಯ ಮುಚ್ಚಳದ ವಿಷಯವನ್ನು ನೀವು ಬರೆದದ್ದು ಸರಿಯಾದ ಗಮನಿಕೆ.

ಉತ್ತರ 2
ನಿವೃತ್ತ ನೌಕರ, ದಾವಣಗೆರೆ

ನನಗೂ 70 ದಾಟಿದೆ. ನಮ್ಮ ಬಡಾವಣೆಯ ಉದ್ಯಾನದಲ್ಲಿ ಪ್ರತಿದಿನ ಬೆಳಿಗ್ಗೆ ನಡೆಯುತ್ತೇವೆ, ಪ್ರಾಣಾಯಾಮ ಮಾಡುತ್ತೇವೆ. ಈ ವಯಸ್ಸಿನವರಿಗೆ ಅಷ್ಟು ಸಾಕು ಎಂಬುದು ನನ್ನ ನಂಬಿಕೆ. ಮೊಣಕಾಲು ಸವೆದವರಿಗೆ ಭಾರ ಎತ್ತಿಸುವುದು, ಕೂತೇಳಿಸುವುದು ಅಪಾಯವಲ್ಲವೇ? ಸವೆದದ್ದನ್ನು ಇನ್ನೂ ಸವೆಸಿದಂತಾಗುವುದಿಲ್ಲವೇ? ತಿಳಿದವರು ಸ್ಪಷ್ಟಪಡಿಸಿದರೆ ನನಗೂ ಉಪಕಾರವಾಗುತ್ತದೆ.

ಉತ್ತರ 3
ಫಿಸಿಯೋ, ಹುಬ್ಬಳ್ಳಿ

ದಾವಣಗೆರೆಯ ಹಿರಿಯರು ಕೇಳಿದ ಪ್ರಶ್ನೆ ಬಹುತೇಕ ಎಲ್ಲ ಮನೆಗಳಲ್ಲೂ ಏಳುವಂಥದ್ದು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ನಡಿಗೆಯನ್ನು ದಯವಿಟ್ಟು ಬಿಡಬೇಡಿ. ಹೃದಯಕ್ಕೆ, ಸಕ್ಕರೆಗೆ, ಮನಸ್ಸಿನ ಉಲ್ಲಾಸಕ್ಕೆ ಅದರಷ್ಟು ಸುಲಭದ ಉಪಾಯ ಇನ್ನೊಂದಿಲ್ಲ. ಆದರೆ ನಮ್ಮ ಸ್ನಾಯುಗಳಲ್ಲಿ ನಿಧಾನವಾಗಿ, ದಣಿಯದೆ ಕೆಲಸ ಮಾಡುವ ತಂತುಗಳೂ ಇವೆ, ಭಾರ ಎತ್ತುವಾಗ ಅಥವಾ ಥಟ್ಟನೆ ಚಲಿಸುವಾಗ ಮಾತ್ರ ಎಚ್ಚರಗೊಳ್ಳುವ ವೇಗದ ತಂತುಗಳೂ ಇವೆ. ವಯಸ್ಸಿನೊಂದಿಗೆ ಮುಖ್ಯವಾಗಿ ಸೊರಗುವುದು ಈ ಎರಡನೆಯ ಬಗೆಯವು. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ನಡೆಯುವಾಗ ಇವುಗಳಿಗೆ ಹೆಚ್ಚೇನೂ ಕೆಲಸವಿರುವುದಿಲ್ಲ. ಬಚ್ಚಲಲ್ಲಿ ಕಾಲು ಜಾರಿದಾಗ ಕ್ಷಣದೊಳಗೆ ಇನ್ನೊಂದು ಕಾಲನ್ನು ಮುಂದಿಟ್ಟು ದೇಹವನ್ನು ಹಿಡಿದುಕೊಳ್ಳಬೇಕಾದುದು ಮಾತ್ರ ಇವೇ. ವರ್ಷಗಟ್ಟಲೆ ತಪ್ಪದೆ ನಡೆದವರೂ ನೆಲದಿಂದ ಏಳಲಾಗದೆ ಒದ್ದಾಡುವುದು ಇದೇ ಕಾರಣದಿಂದ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಗತಿಯ ಚಟುವಟಿಕೆಯ ಜೊತೆಗೆ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಇರಬೇಕು, ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡನ್ನೂ ಬೆಳೆಸುವ ಅಭ್ಯಾಸ ಇರಬೇಕು ಎನ್ನುತ್ತದೆ. ಪ್ರಾಣಾಯಾಮ ಉಸಿರಿಗೆ ಒಳ್ಳೆಯದು. ತೊಡೆಗೆ ಅದರಿಂದ ಬಲ ಬರುವುದಿಲ್ಲ.

ಇನ್ನು ವಯಸ್ಸಿನ ಭಯ. ಬೋಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನೆ ಮತ್ತು ಅವರ ತಂಡ 1990ರಲ್ಲಿ ವೃದ್ಧಾಶ್ರಮವೊಂದರ 90ರ ಆಸುಪಾಸಿನ ಹಿರಿಯರಿಗೆ 8 ವಾರ ಕಾಲು ತೊಡೆಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಅಭ್ಯಾಸ ಪೂರೈಸಿದವರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಏರಿತು, ಅಂದರೆ ಮೊದಲಿದ್ದುದರ ಎರಡೂವರೆ ಪಟ್ಟಿಗಿಂತಲೂ ಹೆಚ್ಚಾಯಿತು. ಅಷ್ಟೊಂದು ಮುಪ್ಪಿನಲ್ಲೂ ಸ್ನಾಯು ಕರೆಗೆ ಓಗೊಡುತ್ತದೆ ಎಂದ ಮೇಲೆ 74ರ ಮೇಷ್ಟರ ವಿಷಯದಲ್ಲಿ ಕೈಚೆಲ್ಲಿ ಕೂರಲು ಯಾವ ಕಾರಣವೂ ಇಲ್ಲ.

ಮೊಣಕಾಲಿನ ವಿಷಯದಲ್ಲಿ ಜನರ ತಿಳಿವಳಿಕೆ ತಲೆಕೆಳಗಾಗಿದೆ. ತೊಡೆಯ ಮುಂಭಾಗದ ಸ್ನಾಯು ಮೊಣಕಾಲಿನ ಮೇಲೆ ಬೀಳುವ ಹೊರೆಯನ್ನು ಹಂಚಿಕೊಳ್ಳುತ್ತದೆ. ಅದು ಸೊರಗಿದರೆ ಕೀಲು ಒಂಟಿಯಾಗಿ ಭಾರ ಹೊರಬೇಕಾಗುತ್ತದೆ. ಸವೆತವಿರುವವರಿಗೆ ಮೂಳೆತಜ್ಞರೇ ಮೊದಲು ಸೂಚಿಸುವ ಚಿಕಿತ್ಸೆಗಳಲ್ಲಿ ತೊಡೆಯ ವ್ಯಾಯಾಮವೂ ಒಂದು. ಅಭ್ಯಾಸದ ವೇಳೆ ಸ್ವಲ್ಪ ನೋವು ಕಾಣಿಸಿಕೊಂಡು ಮರುದಿನದೊಳಗೆ ತಗ್ಗಿದರೆ ಹೆದರಬೇಕಾಗಿಲ್ಲ. ಊದಿಕೊಂಡರೆ, ಅಥವಾ ನೋವು ದಿನದಿಂದ ದಿನಕ್ಕೆ ಏರಿದರೆ ಪ್ರಮಾಣ ತಗ್ಗಿಸಿ, ಸಮೀಪದ ಫಿಸಿಯೋಥೆರಪಿಸ್ಟರನ್ನು ಕಾಣಿರಿ.

ನಿಮ್ಮ ತಂದೆಯವರಿಗೆ ನಾನಾಗಿದ್ದರೆ ಎಲ್ಲಕ್ಕಿಂತ ಮೊದಲು ಕುರ್ಚಿಯಿಂದ ಏಳುವುದನ್ನೇ ಕಲಿಸುತ್ತಿದ್ದೆ. ಗೋಡೆಗೆ ತಾಗಿಸಿದ ಕುರ್ಚಿಯ ಮೇಲೆ ಒಂದು ಗಟ್ಟಿ ದಿಂಬು ಹಾಕಿ ಎತ್ತರಿಸಿ. ಅವರು ಕುರ್ಚಿಯ ಮುಂದಿನ ಅಂಚಿಗೆ ಸರಿದು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಎದ್ದು ನಿಲ್ಲಲಿ. ಕೂರುವಾಗ ಮಾತ್ರ ಧೊಪ್ಪೆಂದು ಕೂರಬಾರದು; ಮನಸ್ಸಿನಲ್ಲಿ ಒಂದರಿಂದ ನಾಲ್ಕರವರೆಗೆ ಎಣಿಸುತ್ತಾ ನಿಧಾನವಾಗಿ ಇಳಿಯಬೇಕು. ಅರ್ಧ ಪ್ರಯೋಜನ ಈ ಇಳಿಯುವುದರಲ್ಲೇ ಇದೆ, ಆದರೆ ಹೆಚ್ಚಿನವರು ಅವಸರದಲ್ಲಿ ಅದನ್ನೇ ಕಳೆದುಕೊಳ್ಳುತ್ತಾರೆ. ಆರಂಭದಲ್ಲಿ 5ರಿಂದ 8 ಬಾರಿ ಮಾಡಿ, ಒಂದೆರಡು ನಿಮಿಷ ವಿರಮಿಸಿ, ಮತ್ತೊಂದು ಸುತ್ತು ಮಾಡಿದರೆ ಸಾಕು. ಒಂದು ದಿನ ಬಿಟ್ಟು ಒಂದು ದಿನದಂತೆ ವಾರಕ್ಕೆ ಮೂರು ದಿನ.

12 ಬಾರಿ ಸಲೀಸಾಗಿ ಬಂದ ಮೇಲೆ ಅಲ್ಲಿಗೇ ನಿಲ್ಲಬಾರದು. ದಿಂಬು ತೆಗೆಯಿರಿ, ಆಮೇಲೆ ಕೈ ಊರುವುದನ್ನು ಬಿಡಿಸಿ, ಅದೂ ಸುಲಭವಾದಾಗ ಒಂದು ಕೆ.ಜಿ. ಬೇಳೆಯ ಪೊಟ್ಟಣವನ್ನು ಎದೆಗೆ ಅವಚಿಕೊಂಡು ಏಳಲಿ. ಭಾರ ಏರಿಸದೆ ಅದೇ ವ್ಯಾಯಾಮವನ್ನು ವರ್ಷಗಟ್ಟಲೆ ಮಾಡಿದರೆ ಸ್ನಾಯುವಿಗೆ ಬೆಳೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ಕೊನೆಯ ಎರಡು ಮೂರು ಬಾರಿ ಏಳುವಾಗ ಕಷ್ಟವೆನಿಸಬೇಕು. ಕಷ್ಟವೆನಿಸದ ದಿನ ಪ್ರಮಾಣ ಹೆಚ್ಚಿಸಬೇಕು. ಇದರೊಡನೆ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಅಂಗೈಯಿಟ್ಟು ದೇಹವನ್ನು ತಳ್ಳುವುದು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ಅರ್ಧ ನಿಮಿಷ ನಿಲ್ಲುವುದು ಸೇರಿಕೊಂಡರೆ ಮನೆಯಲ್ಲೇ ಆಗುವಷ್ಟು ಆಯಿತು. ಯಾವುದರಲ್ಲೂ ಉಸಿರು ಬಿಗಿಹಿಡಿಯಬಾರದು, ರಕ್ತದೊತ್ತಡ ಏರುತ್ತದೆ.

ಉತ್ತರ 4
ಪಥ್ಯಾಹಾರ ತಜ್ಞೆ, ಮಂಗಳೂರು

ಪ್ರೋಟೀನ್ ಪುಡಿಯ ಬಗ್ಗೆ ಕೇಳಿದ್ದೀರಿ. ಅದಕ್ಕೆ ಮೊದಲು ಅವರ ತಟ್ಟೆಯಲ್ಲಿ ಏನಿದೆ ಎಂಬುದನ್ನು ನೋಡೋಣ. ಹಿರಿಯರ ಊಟವೆಂದರೆ ನಮ್ಮಲ್ಲಿ ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ತಿಳಿಸಾರು, ಆಮೇಲೆ ಮಜ್ಜಿಗೆ, ರಾತ್ರಿ ಗಂಜಿಯೋ ಉಪ್ಪಿಟ್ಟೋ. ಜೀರ್ಣಕ್ಕೆ ಹಗುರವೆಂದು ಪ್ರೀತಿಯಿಂದಲೇ ಬಡಿಸುತ್ತೇವೆ, ಆದರೆ ಇದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಹುರುಳಿ ಬೇಯಿಸಿದ ದಿನ ನಡೆಯುವುದನ್ನು ಗಮನಿಸಿ: ಕಟ್ಟು ಬಸಿದು ಸಾರು ಮಾಡುತ್ತೇವೆ, ಕಾಳು ಪಲ್ಯಕ್ಕೆ ಹೋಗುತ್ತದೆ, ಹಲ್ಲಿಲ್ಲದ ಹಿರಿಯರ ಪಾಲಿಗೆ ಸಾರು, ಗಟ್ಟಿ ಹಲ್ಲಿನ ಮಕ್ಕಳ ಪಾಲಿಗೆ ಪಲ್ಯ. ಪ್ರೋಟೀನ್ ಬಹುಪಾಲು ಉಳಿಯುವುದು ಕಾಳಿನಲ್ಲಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಹಿರಿಯರ ಕುರಿತು ಅಧ್ಯಯನ ಮಾಡಿದ ಅಂತರರಾಷ್ಟ್ರೀಯ ತಜ್ಞರ ತಂಡ 2013ರಲ್ಲಿ 1ರಿಂದ 1.2 ಗ್ರಾಂ ಎಂದು ಸೂಚಿಸಿತು. ಅಂದರೆ 60 ಕೆ.ಜಿ. ತೂಕದ ನಿಮ್ಮ ತಂದೆಯವರಿಗೆ ದಿನಕ್ಕೆ 60ರಿಂದ 72 ಗ್ರಾಂ. ಮೇಲೆ ಹೇಳಿದಂಥ ಊಟದಲ್ಲಿ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕರೆ ಅದೇ ದೊಡ್ಡದು. ಆದರೆ ಪ್ರಮಾಣ ಹೆಚ್ಚಿಸುವ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲೇಬೇಕು. ಹದಿನೈದು ವರ್ಷ ಸಕ್ಕರೆ ಕಾಯಿಲೆಯಿರುವವರಲ್ಲಿ ಮೂತ್ರಪಿಂಡಕ್ಕೆ ಹಾನಿಯಾಗಿರುವ ಸಾಧ್ಯತೆಯಿದೆ, ತೀವ್ರ ಹಾನಿಯಿದ್ದರೆ ಪ್ರೋಟೀನನ್ನು ಮಿತಿಗೊಳಿಸಬೇಕಾಗುತ್ತದೆ.

ಮೂತ್ರಪಿಂಡ ಸರಿಯಿದ್ದರೆ ಮನೆಯ ಅಡುಗೆಯಿಂದಲೇ ಬಹಳಷ್ಟು ಸಾಧ್ಯ. ಬೆಳಿಗ್ಗೆಯ ಎರಡು ಇಡ್ಲಿಯ ಬದಲು ನೆನೆಸಿ ರುಬ್ಬಿದ ಹೆಸರುಕಾಳಿನ ದೋಸೆ, ಜೊತೆಗೆ ಹುರಿದ ಕಡಲೆಕಾಯಿ ಬೀಜದ ಚಟ್ನಿ. ಮಧ್ಯಾಹ್ನ ತಿಳಿಸಾರಿನ ಬದಲು ಗಟ್ಟಿ ತೊವ್ವೆ ಅಥವಾ ಬೆಂದ ಹುರುಳಿಕಾಳನ್ನೇ ರುಬ್ಬಿ ಸೇರಿಸಿದ ಸಾರು, ಮಜ್ಜಿಗೆಯ ಬದಲು ಗಟ್ಟಿ ಮೊಸರು. ಸಂಜೆ ಒಂದು ಲೋಟ ಹಾಲು, ಅದರಿಂದ 6 ಗ್ರಾಂನಷ್ಟು ಸಿಗುತ್ತದೆ. ತಿನ್ನುವ ಅಭ್ಯಾಸವಿದ್ದರೆ ಒಂದು ಮೊಟ್ಟೆಯಿಂದಲೂ ಅಷ್ಟೇ. 50 ಗ್ರಾಂ ಪನೀರಿನಲ್ಲಿ 9 ಗ್ರಾಂ, 25 ಗ್ರಾಂ ಒಣ ಸೋಯಾ ಉಂಡೆಗಳಲ್ಲಿ 12 ಗ್ರಾಂಗೂ ಹೆಚ್ಚು ಇದೆ. ದಿನದ ಪ್ರೋಟೀನೆಲ್ಲ ಒಂದೇ ಹೊತ್ತಿನಲ್ಲಿ ಸೇರದೆ ಮೂರು ಹೊತ್ತಿಗೂ ಹಂಚಿಹೋಗಬೇಕು, ಏಕೆಂದರೆ ವಯಸ್ಸಾದ ಸ್ನಾಯುವನ್ನು ಎಚ್ಚರಿಸಲು ಪ್ರತಿ ಊಟದಲ್ಲೂ ಒಂದಷ್ಟು ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ನಮ್ಮ ಬೆಳಗಿನ ತಿಂಡಿಗಳೇ ಈ ವಿಷಯದಲ್ಲಿ ಅತಿ ಬಡವಾದವು.

ಪುಡಿ ವಿಷವೇನಲ್ಲ, ಊಟ ಸೇರದ ದಿನಗಳಲ್ಲಿ, ಜ್ವರ ಬಿಟ್ಟ ಮೇಲಿನ ವಾರಗಳಲ್ಲಿ ಉಪಯುಕ್ತ. ಆದರೆ ಡಬ್ಬಿಯ ಹಿಂಬದಿ ಓದಿ ಕೊಳ್ಳಿರಿ, ಹಿರಿಯರಿಗೆಂದು ಮಾರುವ ಹಲವು ಪುಡಿಗಳಲ್ಲಿ ಪ್ರೋಟೀನಿಗಿಂತ ಸಕ್ಕರೆ, ಮಾಲ್ಟ್ ಹೆಚ್ಚಿರುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಿಂದಿನ ಉತ್ತರದಲ್ಲಿ ಪ್ರಸ್ತಾಪವಾದ ಫಿಯಾಟರೋನೆಯವರೇ 1994ರಲ್ಲಿ ವೃದ್ಧಾಶ್ರಮದ 100 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ವ್ಯಾಯಾಮ ಮಾಡಿದವರಿಗೆ ಬಲ ಬಂದಿತು, ವ್ಯಾಯಾಮವಿಲ್ಲದೆ ಪೌಷ್ಟಿಕ ಪೇಯವನ್ನಷ್ಟೇ ಕುಡಿದವರಿಗೆ ಬರಲಿಲ್ಲ. ಕೂತವರಿಗೆ ಪುಡಿ ಕುಡಿಸಿದರೆ ಹಣ ಖರ್ಚಾಗುತ್ತದೆ, ತೊಡೆ ತುಂಬುವುದಿಲ್ಲ.

ಉತ್ತರ 5
ಮೈಸೂರಿನ ಸೊಸೆ

ಮೇಲಿನವರೆಲ್ಲ ವ್ಯಾಯಾಮ, ಆಹಾರಗಳ ಬಗ್ಗೆ ಬರೆದಿದ್ದಾರೆ. ದಿನದ ಉಳಿದ ಗಂಟೆಗಳ ಬಗ್ಗೆ ನಾನು ಬರೆಯುತ್ತೇನೆ. ಹಿರಿಯರನ್ನು ಕೂತಲ್ಲಿಂದ ಏಳಿಸದಿರುವುದೇ ಸೇವೆ ಎಂದು ನಾವೆಲ್ಲ ನಂಬಿದ್ದೇವೆ. ನಮ್ಮ ಅತ್ತೆಯವರು ಬಚ್ಚಲಲ್ಲಿ ಬಿದ್ದ ಮೇಲೆ ಕಾಫಿ, ನೀರು, ಔಷಧ, ಕನ್ನಡಕ ಎಲ್ಲವನ್ನೂ ಅವರ ಕೈಗೇ ತಲುಪಿಸತೊಡಗಿದೆವು. ಮೂಳೆ ಮುರಿದಿರಲಿಲ್ಲ, ಆದರೆ ಮತ್ತೆ ಬಿದ್ದಾರೆಂಬ ಭಯ ಅವರಿಗೂ ಇತ್ತು, ನಮಗೂ ಇತ್ತು. ಆ ಭಯದಿಂದ ಕೂತರು, ಕೂತದ್ದರಿಂದ ಕಾಲು ಸೋತಿತು, ಕಾಲು ಸೋತದ್ದರಿಂದ ಬೀಳುವ ಸಂಭವ ನಿಜಕ್ಕೂ ಹೆಚ್ಚಿತು. ಫಿಸಿಯೋಥೆರಪಿಸ್ಟ್ ಒಬ್ಬರು ಮನೆಗೆ ಬಂದು ನೋಡಿ, ಮೊದಲು ಬಚ್ಚಲಿಗೆ ಹಿಡಿಕೆ ಹಾಕಿಸಿ, ಜಾರದ ಚಾಪೆ ಹಾಸಿಸಿ, ಆಮೇಲೆ ಅವರಿಗೆ ಮಾಡುವ ಕೆಲಸಗಳನ್ನೆಲ್ಲ ಹಿಂದಿರುಗಿಸಿ ಎಂದು ಹೇಳಿದರು.

ವ್ಯಾಯಾಮ ಮಾಡಿ ಎಂದರೆ ಅತ್ತೆಯವರು ಒಪ್ಪುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ ತರುವುದು, ಮಲ್ಲಿಗೆ ಗಿಡಕ್ಕೆ ನೀರು ಹಾಕುವುದು, ಒಣಗಿದ ಬಟ್ಟೆ ಮಡಚಿ ಕಪಾಟಿನಲ್ಲಿಡುವುದು ತಮ್ಮ ಜವಾಬ್ದಾರಿ ಎಂದಾಗ ಎದ್ದರು. ಟಿವಿಯ ರಿಮೋಟನ್ನು ಟಿವಿಯ ಪಕ್ಕದಲ್ಲೇ ಇಡುತ್ತೇವೆ, ನೀರಿನ ತಂಬಿಗೆ ಅಡುಗೆಮನೆಯಲ್ಲೇ ಇರುತ್ತದೆ. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗಲೆಲ್ಲ ಎದ್ದು ನಿಲ್ಲಬೇಕೆಂಬುದು ಮೊಮ್ಮಗಳು ಮಾಡಿದ ಕಟ್ಟಳೆ. ಅದನ್ನು ಮಾತ್ರ ಅವರು ಎಂದೂ ಮೀರುವುದಿಲ್ಲ. ನಿಮ್ಮ ತಂದೆಯವರು ಅಧ್ಯಾಪಕರಾಗಿದ್ದವರು, ತೋಟ ಮಾಡಿದವರು. ಅಪಾರ್ಟ್‌ಮೆಂಟಿನ ಮಕ್ಕಳಿಗೆ ಸಂಜೆ ಪಾಠ ಹೇಳುವುದೋ, ತಾರಸಿಯ ಕುಂಡಗಳ ಮೇಲ್ವಿಚಾರಣೆಯೋ ಅವರಿಗೆ ಒಪ್ಪುತ್ತದೆ. ಅಮ್ಮನನ್ನೂ ಊರನ್ನೂ ಒಟ್ಟಿಗೆ ಕಳೆದುಕೊಂಡವರು ಕುರ್ಚಿ ಹಿಡಿದು ಕೂತಿದ್ದಾರೆ ಎಂದರೆ ಅದರಲ್ಲಿ ದುಃಖದ ಪಾಲೂ ಇರಬಹುದು; ಅದನ್ನೂ ಡಾಕ್ಟರ ಹತ್ತಿರ ಹೇಳಿ.

ಪ್ರಶ್ನೆ ಕೇಳಿದವರಿಂದ
ತೀರ್ಥಹಳ್ಳಿಯ ಮಗಳು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕುರ್ಚಿಯ ಪರೀಕ್ಷೆ ಮಾಡಿಸಿದೆ; ಕೈ ಊರದೆ ಒಮ್ಮೆಯೂ ಏಳಲು ಆಗಲಿಲ್ಲ, ದಿಂಬು ಹಾಕಿದ ಮೇಲೆ ಎದ್ದರು. ರಕ್ತಪರೀಕ್ಷೆಗೆ ಕೊಟ್ಟಿದ್ದೇವೆ. ಅವರು ಬೆಳಿಗ್ಗೆ ತಿಂಡಿಗೆ ಮೊದಲು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ವ್ಯಾಯಾಮ ಯಾವ ಹೊತ್ತಿನಲ್ಲಿ ಮಾಡಿಸುವುದು ಕ್ಷೇಮ? ಎಷ್ಟು ದಿನಗಳಲ್ಲಿ ಬದಲಾವಣೆ ಕಾಣಬಹುದು?

ಉತ್ತರ 6
ವೃದ್ಧಾರೋಗ್ಯ ವೈದ್ಯ

ದಿಂಬು ಹಾಕಿದಾಗ ಎದ್ದರು ಎಂಬುದು ಒಳ್ಳೆಯ ಸುದ್ದಿ, ಆ ಎತ್ತರದಿಂದಲೇ ಆರಂಭಿಸಿ. ಇನ್ಸುಲಿನ್ ಚುಚ್ಚಿಕೊಂಡು ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಬೇಡವೇ ಬೇಡ. ತಿಂಡಿಯಾಗಿ ಒಂದರಿಂದ ಎರಡು ಗಂಟೆ ಕಳೆದ ಹೊತ್ತು ಸೂಕ್ತ. ಮೊದಲ ಕೆಲವು ವಾರ ಅಭ್ಯಾಸಕ್ಕೆ ಮುಂಚೆ ಗ್ಲೂಕೋಮೀಟರಿನಲ್ಲಿ ಪರೀಕ್ಷಿಸಿ, 100ಕ್ಕಿಂತ ಕೆಳಗಿದ್ದರೆ ಒಂದು ಬಾಳೆಹಣ್ಣು ಕೊಟ್ಟು, ಸಕ್ಕರೆ ಏರಿದ ಮೇಲೆ ಆರಂಭಿಸಿ. ಬೆವರು, ನಡುಕ, ಮಂಕು ಕಂಡರೆ ಕೂಡಲೇ ನಿಲ್ಲಿಸಿ ಸಕ್ಕರೆ ನೀರು ಕುಡಿಸಿ. ಸ್ನಾಯು ಕೆಲಸ ಮಾಡತೊಡಗಿದಂತೆ ಇನ್ಸುಲಿನ್ ಪ್ರಮಾಣ ಇಳಿಸಬೇಕಾಗಬಹುದು, ಅದನ್ನು ನಿಮ್ಮ ವೈದ್ಯರೇ ತೀರ್ಮಾನಿಸಲಿ.

ಮೊದಲ ಕೆಲವು ವಾರಗಳಲ್ಲಿ ಬಲ ಏರುವುದು ಕಾಣುತ್ತದೆ, ಏಕೆಂದರೆ ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಕಲಿಯುತ್ತವೆ. ತೊಡೆಯ ಗಾತ್ರ ಬದಲಾಗಲು ಎರಡು ಮೂರು ತಿಂಗಳಾದರೂ ಬೇಕು. ಆದ್ದರಿಂದ ಅಳತೆಪಟ್ಟಿ ಹಿಡಿದು ನಿರಾಶರಾಗಬೇಡಿ; ಎಷ್ಟು ಬಾರಿ ಏಳುತ್ತಾರೆ, ಯಾವ ಎತ್ತರದಿಂದ ಏಳುತ್ತಾರೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಭಾರ ಹಿಡಿಸುವ ಹಂತಕ್ಕೆ ಬರುವ ಮೊದಲು ಕಣ್ಣಿನ ಪರದೆಯ ಪರೀಕ್ಷೆ ಆಗಿರಲಿ. ಸಕ್ಕರೆಯಿಂದ ಕಣ್ಣಿನಲ್ಲಿ ಹೊಸ ರಕ್ತನಾಳಗಳು ಬೆಳೆದಿದ್ದರೆ ತಿಣುಕಿ ಭಾರ ಎತ್ತುವಾಗ ಅವು ಒಡೆಯುವ ಅಪಾಯವಿದೆ. ಅಂಥವರು ಕಣ್ಣಿನ ವೈದ್ಯರು ಒಪ್ಪಿದ ಮೇಲೆಯೇ ಭಾರದ ವ್ಯಾಯಾಮ ಮಾಡಬೇಕು.